ಸೊಂಟ ತಿರುಗಿಸಲು ಹೋಗಿ: ಗಾಲ್ಫ್ ಆಟಗಾರರ ಬೆನ್ನುನೋವು

ಭಾನುವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಯಾವುದಾದರೊಂದು ಗಾಲ್ಫ್ ಮೈದಾನದಲ್ಲಿ ಆಟ ಶುರುವಾಗುವ ಜಾಗವಾದ ಮೊದಲ ಟೀ ಬಳಿ ನಿಂತರೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ವಾರವಿಡೀ ಕಂಪ್ಯೂಟರ್ ಮುಂದೆ ಕುಳಿತು, ಅಂದು ಬೆಳಿಗ್ಗೆಯೂ ಮುಕ್ಕಾಲು ಗಂಟೆ ಕಾರಿನಲ್ಲೇ ಕುಳಿತು ಬಂದ ಐವತ್ತರ ಆಸುಪಾಸಿನವರೊಬ್ಬರು ಡಿಕ್ಕಿಯಿಂದ ಚೀಲ ಇಳಿಸುತ್ತಾರೆ, ಶೂ ಲೇಸು ಬಿಗಿಯುತ್ತಾರೆ, ಗಾಳಿಯಲ್ಲಿ ಎರಡು ಸಲ ಕೋಲು ಬೀಸಿ ಮೂರನೆಯ ಸಲಕ್ಕೆ ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ಡ್ರೈವರ್ (ಚೆಂಡನ್ನು ಅತಿ ದೂರ ಹೊಡೆಯುವ ಉದ್ದದ ಕೋಲು) ಬೀಸುತ್ತಾರೆ. ಹೊಡೆಯುವ ಚೆಂಡಿನ ತೂಕವೇನೋ 46 ಗ್ರಾಂಗಿಂತ ಕಡಿಮೆ. ಆದರೆ ಆ ಕ್ಷಣದಲ್ಲಿ ಬೆನ್ನಿನ ಕೆಳಭಾಗ ಹೊರುವ ಭಾರ ಬೇರೆಯೇ ಲೆಕ್ಕದ್ದು. ಅಮೆರಿಕದ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಸ್ವಿಂಗ್‌ನಲ್ಲಿ ಬೆನ್ನುಮೂಳೆಯ ಕೆಳತುದಿಯ ಮೇಲೆ ಬೀಳುವ ಒತ್ತಡ ದೇಹತೂಕದ ಎಂಟು ಪಟ್ಟಿನವರೆಗೆ ಏರುತ್ತದೆ. ಎಪ್ಪತ್ತು ಕಿಲೋ ತೂಗುವವರಿಗೆ ಅದು ಅರ್ಧ ಟನ್ನಿಗೂ ಹೆಚ್ಚು. ಇದು ವೃದ್ಧರ ಆಟ, ನಡಿಗೆಗೆ ಒಂದು ನೆಪ ಎಂದು ನಗುವವರು ಈ ಅಂಕಿಯನ್ನು ಗಮನಿಸಬೇಕು. ಹವ್ಯಾಸಿ ಗಾಲ್ಫ್ ಆಟಗಾರರನ್ನು ಅತಿ ಹೆಚ್ಚು ಕಾಡುವ ನೋವುಗಳಲ್ಲಿ ಕೆಳಬೆನ್ನಿನದು ಮುಂಚೂಣಿಯಲ್ಲಿದೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ತೊಂದರೆಯ ಒಂದು ಎಳೆ ನಮ್ಮ ಭಾಷೆಯಲ್ಲೇ ಅಡಗಿದೆ. ಕನ್ನಡದಲ್ಲಿ ‘ಸೊಂಟ’ ಎಂದರೆ ಬೆನ್ನಿನ ಕೆಳಭಾಗವೂ ಹೌದು, ಅದರ ಕೆಳಗಿನ ತೊಡೆಯ ಕೀಲುಗಳ ಸುತ್ತಲಿನ ಭಾಗವೂ ಹೌದು. ‘ಸೊಂಟ ತಿರುಗಿಸಿ ಹೊಡೆಯಿರಿ’ ಎಂದು ತರಬೇತುದಾರರು ಹೇಳಿದಾಗ ಅವರ ಮನಸ್ಸಿನಲ್ಲಿರುವುದು ಎರಡನೆಯದು. ಕಲಿಯುವವರು ತಿರುಚುವುದು ಮೊದಲನೆಯದನ್ನು. ಈ ಎರಡರ ರಚನೆಯಲ್ಲಿ ಅಜಗಜಾಂತರವಿದೆ. ತೊಡೆಮೂಳೆಯ ದುಂಡನೆಯ ತಲೆ ಬಟ್ಟಲಿನಂಥ ಗುಳಿಯಲ್ಲಿ ಕುಳಿತಿರುವುದರಿಂದ ಅದು ಎತ್ತ ಬೇಕಾದರೂ ಹೊರಳಬಲ್ಲದು. ಕೆಳಬೆನ್ನಿನ ಐದು ಕಶೇರುಗಳಾದರೋ (ಬೆನ್ನುಮೂಳೆಯ ಮಣಿಗಳು) ಒಂದರ ಮೇಲೊಂದು ಕುಳಿತಿದ್ದು, ಹಿಂಭಾಗದಲ್ಲಿ ಪುಟ್ಟ ಜೋಡಿ ಕೀಲುಗಳಿಂದ ಸಿಕ್ಕಿಕೊಂಡಿವೆ. ಆ ಕೀಲುಗಳ ಮುಖಗಳು ಬಹುಮಟ್ಟಿಗೆ ಹಿಂದುಮುಂದಾಗಿ ನಿಂತಿರುವುದರಿಂದ ಮುಂದೆ ಬಾಗುವುದಕ್ಕೆ, ಹಿಂದೆ ಬಳುಕುವುದಕ್ಕೆ ಅಡ್ಡಿಯಿಲ್ಲ. ಪಕ್ಕಕ್ಕೆ ತಿರುಗಹೊರಟರೆ ಮೂಳೆಗೆ ಮೂಳೆ ತಾಗಿ ನಿಂತುಬಿಡುತ್ತದೆ. ಒಂದೊಂದು ಸಂದಿಗೆ ಒಂದೆರಡು ಡಿಗ್ರಿ, ಎಲ್ಲವೂ ಸೇರಿ ಒಂದು ಬದಿಗೆ ಹತ್ತು ಡಿಗ್ರಿಯ ಆಸುಪಾಸು. ಅದಕ್ಕಿಂತ ಹೆಚ್ಚಿನ ತಿರುವನ್ನು ಕೆಳಬೆನ್ನಿನಿಂದ ಬಯಸುವಂತಿಲ್ಲ.

ಕಶೇರುಗಳ ನಡುವಿನ ಡಿಸ್ಕ್ ಕೂಡ ತಿರುಚುವಿಕೆಗೆ ಒಗ್ಗಿದ್ದಲ್ಲ. ಅದರ ಹೊರಸುತ್ತಿನಲ್ಲಿ ನಾರಿನ ಪದರಗಳು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಓರೆಯಾಗಿ ಹೆಣೆದುಕೊಂಡಿವೆ. ಮೇಲಿನಿಂದ ನೇರವಾಗಿ ಭಾರ ಬಿದ್ದಾಗ ಎಲ್ಲ ಪದರಗಳೂ ಪಾಲು ಹಂಚಿಕೊಳ್ಳುತ್ತವೆ. ತಿರುಚಿದಾಗ ಮಾತ್ರ ಒಂದು ದಿಕ್ಕಿನ ನಾರುಗಳು ಬಿಗಿಯುತ್ತವೆ, ಇನ್ನೊಂದು ದಿಕ್ಕಿನವು ಸಡಿಲವಾಗುತ್ತವೆ. ಅಂದರೆ ಎಂಟು ಪಟ್ಟು ಭಾರವನ್ನು ಹೊರಬೇಕಾದ ಹೊತ್ತಿನಲ್ಲೇ ಅರ್ಧದಷ್ಟು ನಾರುಗಳು ಕೈಕೊಟ್ಟಿರುತ್ತವೆ.

ಸ್ವಿಂಗ್‌ನ ಶೈಲಿ ಬದಲಾದದ್ದೂ ಇದಕ್ಕೆ ಕೂಡಿಕೊಂಡಿತು. ಹಳೆಯ ಕಾಲದ ಆಟಗಾರರು ಕೋಲನ್ನು ಹಿಂದಕ್ಕೆ ಒಯ್ಯುವಾಗ ಎಡಹಿಮ್ಮಡಿಯನ್ನು ನೆಲದಿಂದ ಎತ್ತಿ, ಭುಜದೊಂದಿಗೆ ಕಟಿಯನ್ನೂ, ಅಂದರೆ ತೊಡೆಯ ಕೀಲುಗಳ ಸುತ್ತಲಿನ ಭಾಗವನ್ನೂ, ತಿರುಗಲು ಬಿಡುತ್ತಿದ್ದರು. ಆಧುನಿಕ ಶೈಲಿಯಲ್ಲಿ ಹಿಮ್ಮಡಿ ನೆಲಕ್ಕೆ ಅಂಟಿರುತ್ತದೆ. ಕಟಿಯನ್ನು ತಡೆದು ಭುಜವನ್ನು 90 ಡಿಗ್ರಿಯವರೆಗೆ ತಿರುಗಿಸಿ, ನಡುವಿನ ಆ ವ್ಯತ್ಯಾಸವನ್ನು ಸ್ಪ್ರಿಂಗಿನಂತೆ ಬಳಸಿಕೊಳ್ಳಲಾಗುತ್ತದೆ. ಅಮೆರಿಕದ ತರಬೇತುದಾರ ಜಿಮ್ ಮೆಕ್ಲೀನ್ 1992ರಲ್ಲಿ ಇದನ್ನು ‘ಎಕ್ಸ್-ಫ್ಯಾಕ್ಟರ್’ ಎಂದು ಕರೆದ ಮೇಲೆ ಅದು ಎಲ್ಲೆಡೆ ಮಂತ್ರವಾಯಿತು. ಚೆಂಡು ದೂರ ಹೋಗುತ್ತದೆ ಎಂಬುದು ನಿಜ. ಆದರೆ ಎದೆಗೂಡಿನ ಹಿಂದಿನ ಬೆನ್ನುಮೂಳೆ ಚೆನ್ನಾಗಿ ತಿರುಗುವ ಇಪ್ಪತ್ತರ ಹರೆಯದವರಿಗೆ ದಕ್ಕುವ ಈ ವಿದ್ಯೆಯನ್ನು ಮೇಜಿನ ಮೇಲೆ ಬಾಗಿ ಬಾಗಿ ಗೂನುಬಿದ್ದ ಬೆನ್ನಿನವರು ಅನುಕರಿಸಿದರೆ, ಮೇಲೆ ಸಿಗದ ತಿರುವನ್ನು ದೇಹ ಕೆಳಬೆನ್ನಿನಿಂದಲೇ ಕಸಿದುಕೊಳ್ಳುತ್ತದೆ. ಚೆಂಡಿಗೆ ಪೆಟ್ಟು ಬಿದ್ದ ಮರುಕ್ಷಣ ಬಲಗೈ ಆಟಗಾರನ ಮುಂಡ ಬಲಕ್ಕೆ ವಾಲಿಕೊಂಡೇ ಎಡಕ್ಕೆ ತಿರುಗುತ್ತಿರುತ್ತದೆ. ಆ ಕ್ಷಣದಲ್ಲಿ ಬಲಬದಿಯ ಕೀಲುಗಳು ಜಜ್ಜಿದಂತಾಗುತ್ತವೆ. ಅನೇಕರಲ್ಲಿ ನೋವು ಬಲಬದಿಗೇ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ.

ಅಮೆರಿಕದ ಖ್ಯಾತ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಕಥೆ ಎಲ್ಲರಿಗೂ ಗೊತ್ತಿರುವುದೇ. 2014ರಿಂದ 2017ರ ನಡುವೆ ಅವರ ಬೆನ್ನಿಗೆ ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಕೊನೆಯದರಲ್ಲಿ ಕಟ್ಟಕಡೆಯ ಡಿಸ್ಕನ್ನು ತೆಗೆದು ಕಶೇರುವನ್ನು ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿ ಎಂಬ ಮೂಳೆಗೆ ಬೆಸೆಯಲಾಯಿತು. 2019ರ ಏಪ್ರಿಲ್‌ನಲ್ಲಿ ಅವರು ಗಾಲ್ಫ್‌ನ ಪ್ರತಿಷ್ಠಿತ ಪಂದ್ಯಾವಳಿಯಾದ ಮಾಸ್ಟರ್ಸ್ ಗೆದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಸಾಕು ಎಂದು ನಂಬಿದವರು ಕಡಿಮೆಯೇನಲ್ಲ. ನನ್ನ ದೃಷ್ಟಿಯಲ್ಲಿ ಅದು ತಪ್ಪು ಪಾಠ. ಬಹುಪಾಲು ಜನರ ಬೆನ್ನುನೋವು ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಸವೆದಿದೆ’ ಎಂದು ಓದಿ ಕೈಚೆಲ್ಲಿ ಕೂರುವ ಅಗತ್ಯವೂ ಇಲ್ಲ. ಯಾವ ನೋವೂ ಇಲ್ಲದ ಐವತ್ತರ ಹರೆಯದವರನ್ನು ಪರೀಕ್ಷಿಸಿದರೂ ನೂರಕ್ಕೆ ಸುಮಾರು 80 ಮಂದಿಯಲ್ಲಿ ಇದೇ ಸವೆತ ಕಾಣುತ್ತದೆ.

ಹಾಗಾದರೆ ನೋಡಬೇಕಾದದ್ದೆಲ್ಲಿ? ಮೊದಲು ಎಡತೊಡೆಯ ಕೀಲನ್ನು. ಎತ್ತರದ ಕುರ್ಚಿಯ ಮೇಲೆ ಪಾದ ನೆಲಕ್ಕೆ ತಾಗದಂತೆ ನೇರವಾಗಿ ಕುಳಿತು, ಮಂಡಿಗಳನ್ನು ಅಲುಗಿಸದೆ, ಎಡಪಾದವನ್ನು ಹೊರಕ್ಕೆ ಎಷ್ಟು ದೂರ ಒಯ್ಯಬಹುದೆಂದು ಗಮನಿಸಿ, ಬಳಿಕ ಬಲಪಾದದಲ್ಲೂ ಅದನ್ನೇ ಮಾಡಿ. ಪಾದ ಹೊರಕ್ಕೆ ಹೋದಷ್ಟೂ ತೊಡೆ ಒಳಕ್ಕೆ ಹೊರಳುತ್ತಿದೆ ಎಂದರ್ಥ. ಬಲಗೈ ಆಟಗಾರ ಚೆಂಡು ಹೊಡೆದ ನಂತರ ಇಡೀ ದೇಹ ತಿರುಗುವುದು ಎಡತೊಡೆಯ ಈ ಹೊರಳಿನ ಮೇಲೆಯೇ. ಬೆನ್ನುನೋವಿನ ಇತಿಹಾಸವಿರುವ ವೃತ್ತಿಪರ ಗಾಲ್ಫ್ ಆಟಗಾರರಲ್ಲಿ ಈ ಹೊರಳು ಕಡಿಮೆಯಿತ್ತೆಂದು ಅಧ್ಯಯನವೊಂದು ತೋರಿಸಿದೆ. ಅದು ಬಿಗಿಯಾಗಿದ್ದರೆ ದಿನವೂ ಕೆಲವು ನಿಮಿಷ ಅದನ್ನು ಸಡಿಲಿಸುವ ವ್ಯಾಯಾಮ ಮಾಡಬೇಕು. ಜೊತೆಗೆ ನಿಲ್ಲುವಾಗ ಎಡಪಾದದ ತುದಿಯನ್ನು ಇಪ್ಪತ್ತು–ಮೂವತ್ತು ಡಿಗ್ರಿ ಹೊರಕ್ಕೆ ತಿರುಗಿಸಿಕೊಂಡರೆ ಕೀಲಿಗೆ ಅಷ್ಟು ತಿರುವು ಪುಕ್ಕಟೆಯಾಗಿ ಸಿಗುತ್ತದೆ. ಹಿಮ್ಮಡಿ ಎತ್ತುವ ಹಳೆಯ ಪದ್ಧತಿಗೆ ಮರಳುವುದರಲ್ಲಿ, ಕೋಲನ್ನು ಹಿಂದಕ್ಕೆ ಒಯ್ಯುವ ದೂರವನ್ನು ಕಡಿಮೆ ಮಾಡುವುದರಲ್ಲಿ, ಕೊನೆಯಲ್ಲಿ ಹಿಂದಕ್ಕೆ ಬಿಲ್ಲಿನಂತೆ ಬಾಗದೆ ನೆಟ್ಟಗೆ ನಿಲ್ಲುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೆಲವು ಗಜ ದೂರ ಕಳೆದುಕೊಳ್ಳಬೇಕಾದೀತು, ಅಷ್ಟೆ.

ಕೆಳಬೆನ್ನನ್ನೇ ತಿರುಚಿ ‘ಸಡಿಲಿಸುವ’ ವ್ಯಾಯಾಮಗಳನ್ನು ಮಾತ್ರ ನಾನು ಮೆಚ್ಚುವುದಿಲ್ಲ. ಅದಕ್ಕೆ ಬೇಕಾದದ್ದು ಸ್ಥಿರತೆ. ನಾಲ್ಕು ಕಾಲಿನ ಮೇಲೆ ನಿಂತಂತೆ ಅಂಗೈ–ಮಂಡಿಯೂರಿ ಬಲಗೈಯನ್ನೂ ಎಡಗಾಲನ್ನೂ ಒಟ್ಟಿಗೆ ಚಾಚಿ ಹತ್ತು ಸೆಕೆಂಡು ಹಿಡಿಯುವುದು, ಪಕ್ಕಕ್ಕೆ ಮಲಗಿ ಮೊಣಕೈಯ ಮೇಲೆ ದೇಹವನ್ನು ಎತ್ತಿ ನಿಲ್ಲಿಸುವುದು ಇಂಥ ಸರಳ ಅಭ್ಯಾಸಗಳು ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಪಟ್ಟಿ ಕಟ್ಟಿದಂತೆ ಬಿಗಿಗೊಳಿಸುತ್ತವೆ. ಆಟಕ್ಕೆ ಮುನ್ನ ಹತ್ತು ನಿಮಿಷ ಬಿರುಸಾಗಿ ನಡೆದು, ಸಣ್ಣ ಕೋಲಿನಿಂದ ನಿಧಾನವಾಗಿ ಆರಂಭಿಸಿ ಕೊನೆಗೆ ಡ್ರೈವರ್ ಹಿಡಿಯುವುದು ಕ್ಷೇಮ.

ನೋವು ಬಂದಾಗ ದಿನಗಟ್ಟಲೆ ಮಲಗುವುದಕ್ಕಿಂತ ಸಹಿಸಬಹುದಾದಷ್ಟು ನಡೆದಾಡಿಕೊಂಡಿರುವುದು ಮೇಲು. ಕಾಲಿನಲ್ಲಿ ಬಲ ಕುಂದಿದರೆ, ಜ್ವರ ಅಥವಾ ಕಾರಣವಿಲ್ಲದ ತೂಕ ಇಳಿಕೆ ಜೊತೆಗಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಲಮೂತ್ರದ ಹತೋಟಿ ತಪ್ಪಿದರೆ ಅಥವಾ ತೊಡೆಸಂದಿನ ಸುತ್ತ ಮರಗಟ್ಟಿದರೆ ಅದು ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ.

ಮರಳಿ ಆಡುವಾಗ ಮೊದಲು ಪಟಿಂಗ್ (ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವುದು), ಆಮೇಲೆ ಸಮೀಪದಿಂದ ಎತ್ತಿ ಹೊಡೆಯುವ ಸಣ್ಣ ಚಿಪ್ ಹೊಡೆತಗಳು, ನಂತರ ಐರನ್‌ ಎಂಬ ಲೋಹದ ತಲೆಯ ಮಧ್ಯಮ ದೂರದ ಕೋಲುಗಳು, ಎಲ್ಲಕ್ಕಿಂತ ಕೊನೆಗೆ ಡ್ರೈವರ್. ಆದರೆ ಪಟಿಂಗ್ ಮಾಡುವಾಗಲೂ ಒಂದು ಅಪಾಯ ಕಾದಿರುತ್ತದೆ: ಕುಳಿಯೊಳಗಿನ ಚೆಂಡನ್ನು ಎತ್ತಿಕೊಳ್ಳಲು ಕಾಲು ಮಡಿಸದೆ ಗಬಕ್ಕನೆ ಬಗ್ಗಿದಾಗ ಬೆನ್ನು ಹಿಡಿದುಕೊಂಡವರಿದ್ದಾರೆ. ಫಿಸಿಯೋಥೆರಪಿಸ್ಟರು ಕಲಿಸುವ ಉಪಾಯ ಹೀಗಿದೆ: ಒಂದು ಕೈಯಿಂದ ಕೋಲನ್ನು ಊರಿ, ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಎತ್ತುತ್ತ ತೊಡೆಯ ಕೀಲಿನಿಂದ ಮುಂದಕ್ಕೆ ಬಾಗಬೇಕು; ಬೆನ್ನು ಹಲಗೆಯಂತೆ ನೇರವಾಗಿಯೇ ಇರುತ್ತದೆ, ಕೈ ಕುಳಿಯನ್ನು ಮುಟ್ಟುತ್ತದೆ. ನೋಡುವವರಿಗೆ ಕೊಂಚ ತಮಾಷೆಯಾಗಿ ಕಂಡೀತು. ಹದಿನೆಂಟು ಕುಳಿಗಳ ಆಟದಲ್ಲಿ ಹದಿನೆಂಟು ಸಲ ಹೀಗೆ ಬಾಗಬೇಕಾಗುತ್ತದೆ.