ಆರ್ಕ್ಟಿಕ್ ಬೆಚ್ಚಗಾದರೆ ಯುರೋಪಿಗೇಕೆ ಚಳಿ?

ಓದುಗರ ಪ್ರಶ್ನೆ: ಉತ್ತರ ಧ್ರುವದ ಸುತ್ತ ವಿಪರೀತ ಬೆಚ್ಚಗಾದಾಗಲೇ ಯುರೋಪು, ಅಮೆರಿಕಗಳಲ್ಲಿ ಹಿಮ ಸುರಿಯುವ ಸುದ್ದಿ ಬರುತ್ತದೆ. ಆರ್ಕ್ಟಿಕ್‌ನ ಬಿಸಿಯೇ ಆ ಚಳಿಗೆ ಕಾರಣವೇ?

ಬಹುಮಟ್ಟಿಗೆ ಅಲ್ಲ. ಎರಡನ್ನೂ ತರುವುದು ಒಂದೇ ಗಾಳಿಯ ಸುತ್ತಾಟ. 2018ರ ಫೆಬ್ರವರಿಯನ್ನೇ ನೋಡಿ. ಗ್ರೀನ್‌ಲ್ಯಾಂಡಿನ ಉತ್ತರ ತುದಿಯಲ್ಲಿ, 83 ಡಿಗ್ರಿ ಅಕ್ಷಾಂಶದಾಚೆ, ಕೇಪ್ ಮಾರಿಸ್ ಜೆಸಪ್ ಹವಾಮಾನ ಕೇಂದ್ರವಿದೆ. ಆ ತಿಂಗಳಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕಾದ ಉಷ್ಣಾಂಶ ಅಲ್ಲಿ ಸೊನ್ನೆ ದಾಟಿ 6 ಡಿಗ್ರಿಗೆ ಏರಿತು. ಧ್ರುವರಾತ್ರಿ ಇನ್ನೂ ಮುಗಿದಿರಲಿಲ್ಲ. ಸೂರ್ಯನೇ ಮೂಡದ ಕಡೆ ಬಿಸಿ ಬರಬೇಕೆಂದರೆ ಗಾಳಿಯೇ ಹೊತ್ತು ತರಬೇಕು.

ಆಗ ಸ್ಕ್ಯಾಂಡಿನೇವಿಯಾದ ಮೇಲೆ ಅಧಿಕ ಒತ್ತಡದ ಪ್ರದೇಶವೊಂದು ಕದಲದೆ ನಿಂತಿತ್ತು. ಉತ್ತರಾರ್ಧ ಗೋಳದಲ್ಲಿ ಅಂಥ ಪ್ರದೇಶದ ಸುತ್ತ ಗಾಳಿ ಪ್ರದಕ್ಷಿಣವಾಗಿ ಬೀಸುತ್ತದೆ. ಹಾಗಾಗಿ ಅದರ ಪಶ್ಚಿಮ ಅಂಚಿನಲ್ಲಿ ಅಟ್ಲಾಂಟಿಕ್‌ನ ತೇವಭರಿತ ಗಾಳಿ ಧ್ರುವದತ್ತ ನುಗ್ಗಿತು. ದಕ್ಷಿಣ ಅಂಚಿನಲ್ಲಿ ಸೈಬೀರಿಯಾದ ಚಳಿ ಪಶ್ಚಿಮಕ್ಕೆ ಹರಿಯಿತು. ಫೆಬ್ರವರಿ 26ರಂದು ರೋಮ್ ನಗರಕ್ಕೂ ಹಿಮ ಬಿತ್ತು.

ಇದರ ಬೇರು ಇನ್ನೂ ಮೇಲಿತ್ತು. ಚಳಿಗಾಲದಲ್ಲಿ ಸ್ತರಗೋಳದಲ್ಲಿ, ಅಂದರೆ ಮಳೆ-ಮೋಡಗಳ ಪದರಕ್ಕಿಂತ ಮೇಲಿನ ವಾಯುಪದರದಲ್ಲಿ, ಧ್ರುವದ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಸುತ್ತುತ್ತಿರುತ್ತದೆ. ನಿಜವಾದ ಪೋಲಾರ್ ವೋರ್ಟೆಕ್ಸ್, ಅಂದರೆ ಧ್ರುವದ ಸುಳಿ, ಇದೇ. ಪತ್ರಿಕೆಗಳು ಪ್ರತಿಯೊಂದು ಶೀತಗಾಳಿಗೂ ಆ ಹೆಸರಿಡುವುದು ಸರಿಯಲ್ಲ. ಪರ್ವತಶ್ರೇಣಿಗಳಿಂದಲೂ ನೆಲ-ಕಡಲಿನ ಉಷ್ಣಾಂಶದ ವ್ಯತ್ಯಾಸದಿಂದಲೂ ಏಳುವ ಬೃಹತ್ ಅಲೆಗಳು ಮೇಲೇರಿ ಅಲ್ಲಿ ಮುರಿದಾಗ ಈ ಸುಳಿಯ ವೇಗ ಕುಗ್ಗುತ್ತದೆ. ಧ್ರುವದ ಮೇಲಿನ ಗಾಳಿ ಕೆಳಕ್ಕೆ ಕುಸಿದು, ಒತ್ತಲ್ಪಟ್ಟು, ಸೈಕಲ್ ಪಂಪಿನೊಳಗಿನ ಗಾಳಿಯಂತೆ ಬಿಸಿಯಾಗುತ್ತದೆ. ಕೆಲವೇ ದಿನಗಳಲ್ಲಿ 50 ಡಿಗ್ರಿಯಷ್ಟು ಏರಿದ್ದೂ ಉಂಟು. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 10 ಹೆಕ್ಟೊಪ್ಯಾಸ್ಕಲ್ ಒತ್ತಡದ ಮಟ್ಟದಲ್ಲಿ, ಅಂದರೆ ಸುಮಾರು 30 ಕಿ.ಮೀ. ಎತ್ತರದಲ್ಲಿ, ಗಾಳಿಯ ಸರಾಸರಿ ದಿಕ್ಕು ತಿರುಗುಮುರುಗಾದರೆ ಅದನ್ನು ದೊಡ್ಡ ಘಟನೆಯೆಂದು ಎಣಿಸುತ್ತಾರೆ. ದಶಕಕ್ಕೆ ಸರಾಸರಿ ಆರು ಸಲ ಹೀಗಾಗುತ್ತದೆ. 2018ರಲ್ಲಿ ಆದದ್ದು ಫೆಬ್ರವರಿ 12ರಂದು. ನೆಲಕ್ಕೆ ಪರಿಣಾಮ ತಟ್ಟಲು ಎರಡು ವಾರ ಹಿಡಿಯಿತು. ಪ್ರತಿ ಸಲವೂ ತಟ್ಟುತ್ತದೆ ಎಂದೇನಿಲ್ಲ.

ದಶಕಗಳಿಂದ ನಡೆದಿರುವ ಆರ್ಕ್ಟಿಕ್ ತಾಪಮಾನ ಏರಿಕೆಯೇ ಬೇರೆ ಲೆಕ್ಕ. 1979ರಿಂದೀಚೆಗೆ ಅದು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಮಂಜುಗಡ್ಡೆ ಕರಗಿ ಬಯಲಾದ ಕಡಲು ಬೇಸಿಗೆಯಲ್ಲಿ ಬಿಸಿಲು ಹೀರಿ ಶರತ್ತು, ಚಳಿಗಾಲದಲ್ಲಿ ಗಾಳಿಗೆ ಬಿಡುತ್ತದೆ. ಹೀಗಾಗಿ ಏರಿಕೆ ಎದ್ದು ಕಾಣುವುದು ಬೇಸಿಗೆಯಲ್ಲಲ್ಲ, ಚಳಿಯ ತಿಂಗಳುಗಳಲ್ಲಿ. ಇಲ್ಲೂ ಗಾಳಿಯ ಪಾಲಿದೆ: 1979ರಿಂದ ಸೆಪ್ಟೆಂಬರ್ ತಿಂಗಳ ಕಡಲಮಂಜು ಕುಗ್ಗಿದ್ದರಲ್ಲಿ ಶೇ. 30ರಿಂದ 50ರಷ್ಟು ಗಾಳಿಯ ಸಹಜ ಏರಿಳಿತದ್ದು ಎಂದು 2017ರ ಅಧ್ಯಯನವೊಂದು ಅಂದಾಜಿಸಿತು. ಉಳಿದದ್ದು ನಮ್ಮ ಹೊಗೆಯದು.

ಈ ಬಿಸಿ ಮುಂದೆ ಗಾಳಿಯನ್ನೇ ಬದಲಿಸುತ್ತದೆಯೇ? ಧ್ರುವಕ್ಕೂ ಸಮಶೀತೋಷ್ಣ ವಲಯಕ್ಕೂ ಉಷ್ಣಾಂಶದ ಅಂತರ ಕಡಿಮೆಯಾದರೆ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವೇಗದ ಗಾಳಿ) ಸೊರಗಿ, ಹೆಚ್ಚು ಬಳುಕಿ, ಚಳಿಯನ್ನು ದಕ್ಷಿಣಕ್ಕೆ ಇಳಿಸುತ್ತದೆ ಎಂಬ ವಾದ 2012ರಿಂದ ಜೋರಾಯಿತು. ವಾದವೇನೋ ಚೆನ್ನಾಗಿದೆ, ಆದರೆ ಪುರಾವೆ ಸಾಲದು. ಜೆಟ್ ಬೀಸುವ 9ರಿಂದ 12 ಕಿ.ಮೀ. ಎತ್ತರದಲ್ಲಿ ಉಷ್ಣವಲಯವೂ ಬಿಸಿಯಾಗುತ್ತಿದ್ದು, ಆ ಅಂತರವನ್ನು ಹಿಗ್ಗಿಸುವತ್ತ ಎಳೆಯುತ್ತದೆ. ಸುಮಾರು 2010ರವರೆಗೆ ಹೆಚ್ಚಿದಂತೆ ಕಂಡ ಬಳುಕು, ಆರ್ಕ್ಟಿಕ್ ಬಿಸಿಯಾಗುತ್ತಲೇ ಇದ್ದರೂ ಆಮೇಲೆ ತಗ್ಗಿತು. ಕಡಲಮಂಜನ್ನಷ್ಟೇ ಕಡಿಮೆ ಮಾಡಿ ನೋಡಿದ ಕಂಪ್ಯೂಟರ್ ಮಾದರಿಗಳಲ್ಲಿ ಪಶ್ಚಿಮದ ಗಾಳಿ ಕುಗ್ಗುವುದು ಅಲ್ಪ. ಇಳಿದು ಬರುವ ಧ್ರುವದ ಗಾಳಿಯೇ ಮೊದಲಿನಷ್ಟು ತಣ್ಣಗಿಲ್ಲದ ಕಾರಣ, ದೀರ್ಘಾವಧಿಯಲ್ಲಿ ಶೀತದಲೆಗಳು ಮೆದುವಾಗುತ್ತಿವೆ.

ಮುಂದಿನ ಸಲ ಇಂಥ ಸುದ್ದಿ ಬಂದಾಗ 10 ಹೆಕ್ಟೊಪ್ಯಾಸ್ಕಲ್ ಮಟ್ಟದ ಗಾಳಿಯ ದಿಕ್ಕನ್ನೂ ಆರ್ಕ್ಟಿಕ್ ಆಸಿಲೇಷನ್ ಸೂಚ್ಯಂಕವನ್ನೂ (ಧ್ರುವಕ್ಕೂ ಅದರ ದಕ್ಷಿಣದ ವಲಯಕ್ಕೂ ನಡುವಿನ ವಾಯು ಒತ್ತಡದ ಏರುಪೇರಿನ ಅಳತೆ) ನೋಡಿ. ಸೂಚ್ಯಂಕ ಋಣಾತ್ಮಕವಾಗಿದ್ದರೆ ಚಳಿ ದಕ್ಷಿಣಕ್ಕೆ ಜಾರಲು ದಾರಿ ಸಲೀಸು. 2010ರ ಫೆಬ್ರವರಿಯಲ್ಲಿ ಅದು ಮೈನಸ್ 4ಕ್ಕಿಂತ ಕೆಳಗಿತ್ತು. ನಕ್ಷೆಯಲ್ಲಿ ಆರ್ಕ್ಟಿಕ್ ಕೆಂಪಾಗಿದ್ದರೆ ಅದು ಸರಾಸರಿಗಿಂತ ಎಷ್ಟು ಹೆಚ್ಚು ಎಂಬುದರ ಬಣ್ಣ. ಅಲ್ಲಿನ ಉಷ್ಣಾಂಶ ಮೈನಸ್ 15 ಇದ್ದರೂ ಇರಬಹುದು.