ಸ್ಕೂಟರ್ ಪಿಕಪ್ ಹೋಯ್ತಾ? ಕಿಟ್ ಕೊಳ್ಳುವ ಮುಂಚೆ ಎಡಗಡೆ ಕೇಸ್ ಬಿಚ್ಚಿಸಿ

‘ಗಾಡಿ ಮೊದಲಿನ ಹಾಗೆ ಎಳೀತಿಲ್ಲ ಅಣ್ಣಾ, ಒಂದು ಒಳ್ಳೆ ರೋಲರ್ ಕಿಟ್ ಹಾಕಿಬಿಡಿ’ ಎಂದು ಬರುವವರು ಈಗ ಜಾಸ್ತಿ. ಎಲ್ಲರೂ ಯಾವುದೋ ವಿಡಿಯೋ ನೋಡಿರುತ್ತಾರೆ. ಹಗುರ ರೋಲರ್, ಗಟ್ಟಿ ಸ್ಪ್ರಿಂಗ್ ಹಾಕಿದ ಸ್ಕೂಟರ್ ಸಿಗ್ನಲ್‌ನಿಂದ ಹಾರಿ ಹೋಗುತ್ತದೆ. ಅದು ಸುಳ್ಳೇನಲ್ಲ. ಆದರೆ ಅಲ್ಲಿ ಹೋಲಿಸಿರುವುದು ಯಾವುದನ್ನ ಯಾವುದರ ಜೊತೆ? ಹೊಚ್ಚ ಹೊಸ ಹೊರಗಿನ ಪಾರ್ಟನ್ನ, ವರ್ಷಗಟ್ಟಲೆ ಓಡಿ ಸವೆದ ಕಂಪನಿ ಪಾರ್ಟ್ ಜೊತೆ. ಅದೇ ಗಾಡಿಗೆ ಹೊಸ ಕಂಪನಿ ರೋಲರ್ ಮತ್ತು ಬೆಲ್ಟ್ ಹಾಕಿದ್ದರೂ ಹೋದ ಪಿಕಪ್ ಬಹುಪಾಲು ವಾಪಸ್ ಬರುತ್ತಿತ್ತು. ಇದನ್ನ ಯಾರೂ ವಿಡಿಯೋ ಮಾಡಲ್ಲ, ಅಷ್ಟೇ.

ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ನಿರ್ಧಾರ ಸುಲಭ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಡಗಡೆ ಕೇಸಿನೊಳಗೆ ಎರಡು ಪುಲ್ಲಿ, ಮಧ್ಯೆ ಒಂದು ಬೆಲ್ಟ್. ಮುಂದಿನ ಪುಲ್ಲಿ ಇಂಜಿನ್ ಕಡೆ. ಅದರ ಹೊಟ್ಟೆಯಲ್ಲಿರುವುದೇ ವೇರಿಯೇಟರ್, ಅದರೊಳಗೆ ಸಾಮಾನ್ಯವಾಗಿ ಆರು ರೋಲರ್. ಇಂಜಿನ್ ಜೋರಾಗಿ ತಿರುಗಿದಷ್ಟೂ ರೋಲರ್‌ಗಳು ಹೊರಕ್ಕೆ ಸರಿಯುತ್ತವೆ, ಪುಲ್ಲಿಯ ಒಂದು ತಟ್ಟೆಯನ್ನ ಇನ್ನೊಂದರ ಕಡೆ ತಳ್ಳುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ. ಹಿಂದಿನ ಪುಲ್ಲಿಯಲ್ಲಿ ಒಂದು ದೊಡ್ಡ ಸ್ಪ್ರಿಂಗ್ ಇದಕ್ಕೆ ವಿರುದ್ಧವಾಗಿ ಒತ್ತುತ್ತಿರುತ್ತದೆ. ರೋಲರ್ ತಳ್ಳುತ್ತದೆ, ಸ್ಪ್ರಿಂಗ್ ತಡೆಯುತ್ತದೆ. ಈ ಎರಡರ ಜಗ್ಗಾಟದಲ್ಲೇ ನಿಮ್ಮ ಗೇರ್ ಬದಲಾಗುತ್ತಾ ಹೋಗುತ್ತದೆ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಲ್ಲೂ ಇದೇ ಇತ್ತು, ಈಗ ಕೋಲಾರದ ನರಸಾಪುರದ ಫ್ಯಾಕ್ಟರಿಯಿಂದ ಹೊರಬರುವ ಆಕ್ಟಿವಾದಲ್ಲೂ ಇದೇ ಇದೆ.

ಓಡಿದ ಗಾಡಿಯ ಎಡಗಡೆ ಕೇಸ್ ಬಿಚ್ಚಿದರೆ ಮೊದಲು ಕಾಣುವುದು ಕಪ್ಪು ಧೂಳು. ಬೆಲ್ಟ್ ಮತ್ತು ಕ್ಲಚ್ ಶೂ (ಹಿಂದಿನ ಚಕ್ರ ತಿರುಗುವಂತೆ ಹಿಡಿದುಕೊಳ್ಳುವ ಪಟ್ಟಿಗಳು) ಸವೆದ ಪುಡಿ ಅದು. ವೇರಿಯೇಟರ್ ತೆಗೆದು ರೋಲರ್‌ಗಳನ್ನ ಬಟ್ಟೆಯ ಮೇಲೆ ಸುರಿಯಿರಿ. ದುಂಡಗಿರಬೇಕಾದ್ದು ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿರುತ್ತದೆ, ಬೆರಳಲ್ಲಿ ಉರುಳಿಸಿದರೆ ಟಕ್ ಎಂದು ಆ ಮಗ್ಗುಲಿಗೇ ನಿಲ್ಲುತ್ತದೆ. ಅಂಥ ರೋಲರ್ ಉರುಳುವುದಿಲ್ಲ, ಜಾರುತ್ತದೆ, ಇಲ್ಲವೇ ಸಿಕ್ಕಿಕೊಳ್ಳುತ್ತದೆ. ಗಾಡಿ ಒಂದು ಸ್ಪೀಡಲ್ಲಿ ಮುಗ್ಗರಿಸಿದ ಹಾಗಾಗುವುದು, ಆಮೇಲೆ ಇದ್ದಕ್ಕಿದ್ದಂತೆ ಎಳೆಯುವುದು ಇದರಿಂದಲೇ. ಅಕ್ಕಸಾಲಿಗರು ಬಳಸುವಂಥ ಚಿಕ್ಕ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ನೋಡಿ. ಆರರಲ್ಲಿ ಒಂದೆರಡು ಉಳಿದವಕ್ಕಿಂತ ಹಗುರ ಬಂದರೆ ಆ ಸೆಟ್ ಮುಗಿದಂತೆ. ಬೆಲ್ಟಿನ ಅಗಲವನ್ನ ವರ್ನಿಯರ್‌ನಲ್ಲಿ ಅಳೆಯಿರಿ. ಎಷ್ಟರ ಕೆಳಗೆ ಹೋದರೆ ಬದಲಿಸಬೇಕು ಎಂದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಅಗಲ ಕಮ್ಮಿಯಾದ ಬೆಲ್ಟ್ ಎರಡೂ ಪುಲ್ಲಿಯಲ್ಲಿ ಕೆಳಗೇ ಕೂರುತ್ತದೆ. ಹಾಗಾಗಿ ಹೊರಡುವಾಗ ಎಳೆತವೂ ಹೋಯಿತು, ಮೇಲಿನ ಸ್ಪೀಡೂ ಹೋಯಿತು. ಕಣ್ಣಿಗೆ ಬಿರುಕು ಕಾಣದೆ ಇದ್ದರೂ ಬೆಲ್ಟ್ ಸತ್ತಿರಬಹುದು.

ಇದೆಲ್ಲ ಸರಿ ಮಾಡಿದ ಮೇಲೂ ಸಾಲದು ಎನಿಸಿದರೆ ಆಗ ರೋಲರ್ ತೂಕದ ಮಾತು.

ಹಗುರ ರೋಲರ್ ಹಾಕಿದರೆ ಅದು ಅದೇ ಬಲದಿಂದ ತಳ್ಳಬೇಕಾದರೆ ಇಂಜಿನ್ ಇನ್ನೂ ಜೋರಾಗಿ ತಿರುಗಬೇಕು. ಅಂದರೆ ಬೆಲ್ಟ್ ಏರುವುದು ತಡವಾಗುತ್ತದೆ, ಗಾಡಿ ಚಿಕ್ಕ ಗೇರ್‌ನಲ್ಲೇ ಹೆಚ್ಚು ಹೊತ್ತು ಇರುತ್ತದೆ. ಲೆಕ್ಕ ಸುಲಭ: ಬಲ ತೂಕದಷ್ಟೇ ಏರುತ್ತದೆ, ಆದರೆ ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು, ಅಂದರೆ ಆರ್‌ಪಿಎಂ ಏರಿದರೆ ಅದರ ವರ್ಗದಷ್ಟು ಏರುತ್ತದೆ. ಹಾಗಾಗಿ ತೂಕ 10 ಪರ್ಸೆಂಟ್ ಇಳಿಸಿದರೆ ಆರ್‌ಪಿಎಂ ಸುಮಾರು 5 ಪರ್ಸೆಂಟ್ ಮೇಲೆ ಹೋಗುತ್ತದೆ. 6,500ರಲ್ಲಿ ತಿರುಗುತ್ತಿದ್ದ ಇಂಜಿನ್ ಈಗ 6,850ರ ಹತ್ತಿರ ತಿರುಗುತ್ತದೆ. ಇದರ ಮೇಲೆ ಇನ್ನೂ ಇನ್ನೂ ಇಳಿಸುತ್ತಾ ಹೋದರೆ ಒಳ್ಳೆಯದಾಗುತ್ತದೆ ಎಂದುಕೊಳ್ಳಬೇಡಿ. ಇಂಜಿನ್ ಜಾಸ್ತಿ ಪವರ್ ಕೊಡುವ ಜಾಗ ಒಂದಿರುತ್ತದೆ, ಯಮಹಾ ಏರಾಕ್ಸ್ 155ರಲ್ಲಿ ಅದು 8,000 ಆರ್‌ಪಿಎಂ, ಅದನ್ನ ದಾಟಿದರೆ ಸದ್ದು ಜಾಸ್ತಿ, ಪೆಟ್ರೋಲ್ ಜಾಸ್ತಿ, ಗಾಡಿ ಮಾತ್ರ ನಿಧಾನ. ಸದ್ದು ಜೋರಾದರೆ ಸ್ಪೀಡೂ ಜೋರಾಯಿತು ಎಂದು ನಮ್ಮ ಕಿವಿ ನಂಬಿಬಿಡುತ್ತದೆ. ಅದಕ್ಕೇ ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಆರ್‌ಪಿಎಂ ಮೀಟರ್ ಒಂದನ್ನ ಇಟ್ಟುಕೊಂಡಿದ್ದೇನೆ. ಕಿವಿಗಿಂತ ಅದು ವಾಸಿ.

ಹಾಗಾದರೆ ಕಂಪನಿಯವರೇ ಯಾಕೆ ಹಗುರ ರೋಲರ್ ಹಾಕಲಿಲ್ಲ? ಅವರು ಮಂಗಳೂರಿನಲ್ಲಿ ಒಬ್ಬರೇ ಓಡಿಸುವವರಿಗೂ, ಮಡಿಕೇರಿಯಲ್ಲಿ ಇಬ್ಬರು ಕೂತು ಮುಂದೆ ಮೂಟೆ ಇಟ್ಟುಕೊಂಡು ಹೋಗುವವರಿಗೂ ಒಂದೇ ಗಾಡಿ ಮಾರಬೇಕು. ಜೊತೆಗೆ ಮೈಲೇಜ್, ಸದ್ದು, ಹೊಗೆಯ ನಿಯಮ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರ್ ಮೇಲೆ ಹೋದರೆ ಇಂಜಿನ್ನಿನ ಪವರ್ ಹತ್ತಿರಹತ್ತಿರ 3 ಪರ್ಸೆಂಟ್ ಇಳಿಯುತ್ತದೆ. ಗಾಳಿಯೇ ತೆಳು, ಏನು ಮಾಡೋದು. ಅಂದರೆ ಅಲ್ಲಿ 10 ಪರ್ಸೆಂಟ್‌ಗಿಂತ ಜಾಸ್ತಿ ಪವರ್ ಸುಮ್ನೆ ಹೋಗಿರುತ್ತದೆ, ರೋಲರ್ ಮಾತ್ರ ಕರಾವಳಿಯಲ್ಲಿದ್ದ ತೂಕದ್ದೇ. ಅಮೆರಿಕ, ಕೆನಡಾದಲ್ಲಿ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್‌ಗಳಲ್ಲೂ ಇದೇ ಬೆಲ್ಟ್, ಇದೇ ಎರಡು ಪುಲ್ಲಿ. ಕೊಲರಾಡೊದ ಕಡೆ 3,000 ಮೀಟರ್ ಎತ್ತರದ ಬೆಟ್ಟಗಳಲ್ಲಿ ಓಡಿಸುವವರು ಮುಂದಿನ ಪುಲ್ಲಿಯ ತೂಕದ ತುಣುಕುಗಳನ್ನ ಹಗುರ ಮಾಡಿಸಿಕೊಳ್ಳುತ್ತಾರೆ. ಎಷ್ಟು ಎತ್ತರಕ್ಕೆ ಎಷ್ಟು ತೂಕ ಎಂಬ ಪಟ್ಟಿಯನ್ನ ಪೋಲಾರಿಸ್‌ನಂಥ ಕಂಪನಿಗಳೇ ಕೊಡುತ್ತವೆ. ನಮ್ಮ ಸ್ಕೂಟರ್ ಕಂಪನಿಗಳು ಕೊಡಲ್ಲ. ಕೊಡಬಹುದಿತ್ತು ಎಂದು ನನಗನಿಸುತ್ತದೆ.

ಮೈಸೂರಿನ ನಮ್ಮ ವರ್ಕ್‌ಶಾಪಿಗೆ ಕೊಡಗಿನ ಕಡೆಯಿಂದ ಬರುವ ಗಾಡಿಗಳು ಒಂದಷ್ಟಿವೆ. ಅಂಥವರಿಗೆ ನಾನು ಒಂದೊಂದು ರೋಲರ್‌ಗೆ ಒಂದು ಗ್ರಾಂ, ಹೆಚ್ಚೆಂದರೆ ಒಂದೂವರೆ ಗ್ರಾಂ ಇಳಿಸಿ ಕೊಡುತ್ತೇನೆ. ಉಳಿದದ್ದೆಲ್ಲ ಕಂಪನಿಯದ್ದೇ. ಏರಿನಲ್ಲಿ ಗಾಡಿ ಉಸಿರುಗಟ್ಟುವುದು ನಿಲ್ಲುತ್ತದೆ. ಮೈಲೇಜ್ ಸ್ವಲ್ಪ ಹೋಗುತ್ತದೆ, ಅದನ್ನ ಮೊದಲೇ ಹೇಳಿಬಿಡುತ್ತೇನೆ. ಆದರೆ ಮೈಸೂರು ರಿಂಗ್ ರೋಡಲ್ಲಿ ದಿನಾ ಕೆಲಸಕ್ಕೆ ಹೋಗಿಬರುವವರಿಗೆ ಅದೇ ಕೆಲಸ ಮಾಡಿಕೊಡಲ್ಲ. ಹೊಸ ಕಂಪನಿ ಸೆಟ್ ಹಾಕಿ ಕಳಿಸುತ್ತೇನೆ.

ಸ್ಪ್ರಿಂಗ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಬಿಗಿ. ಹಿಂದಿನ ದೊಡ್ಡ ಸ್ಪ್ರಿಂಗನ್ನ 1,000, 1,500, 2,000 ಆರ್‌ಪಿಎಂ ಎಂದು ನಮೂದಿಸಿ ಮಾರುತ್ತಾರೆ, ಸಂಖ್ಯೆ ಏರಿದಷ್ಟೂ ಸ್ಪ್ರಿಂಗ್ ಗಟ್ಟಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಗಾಡಿ ಚಿಕ್ಕ ಗೇರ್‌ಗೆ ಇಳಿಯುತ್ತದೆ ನಿಜ. ಆದರೆ ಬೆಲ್ಟನ್ನ ಎರಡೂ ಕಡೆಯಿಂದ ಹಿಂಡುವುದೂ ಅದೇ. ಬಿಸಿ ಏರುತ್ತದೆ, ಬೆಲ್ಟ್ ಬೇಗ ಸವೆಯುತ್ತದೆ, ಸ್ಪ್ರಿಂಗ್ ತೀರಾ ಗಟ್ಟಿಯಾದರೆ ಬೆಲ್ಟ್ ಮುಂದಿನ ಪುಲ್ಲಿಯ ಅಂಚಿನ ತನಕ ಏರುವುದೇ ಇಲ್ಲ, ಟಾಪ್ ಸ್ಪೀಡ್ ಕೈಬಿಡುತ್ತದೆ. ಕ್ಲಚ್ ಶೂಗಳ ಮೂರು ಚಿಕ್ಕ ಸ್ಪ್ರಿಂಗ್ ಇನ್ನೊಂದು ತರಹ. ಅವನ್ನ ಗಟ್ಟಿ ಮಾಡಿದರೆ ಕ್ಲಚ್ ಹಿಡಿಯುವುದೇ ಹೆಚ್ಚಿನ ಆರ್‌ಪಿಎಂನಲ್ಲಿ. ರೇಸ್ ಟ್ರ್ಯಾಕಿಗೆ ಚೆನ್ನ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಇಂಚಿಂಚು ಸರಿಯುವಾಗ ಶೂ ಅರ್ಧಂಬರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ, ಶೂ ಹಿಡಿಯುವ ಹೊರಗಿನ ಬಟ್ಟಲು, ಅಂದರೆ ಬೆಲ್, ಬಿಸಿಗೆ ನೀಲಿಗಟ್ಟುತ್ತದೆ, ಹೊರಡುವಾಗ ಗಡಗಡ ನಡುಕ ಶುರು.

ಇಟಲಿಯ ಮಲೊಸ್ಸಿ, ಪೊಲಿನಿ ಕಂಪನಿಗಳ ಪೂರ್ತಿ ವೇರಿಯೇಟರ್ ಸೆಟ್ ಒಳ್ಳೆ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ಪವರ್ ಏರಿಸಲು ಇಂಜಿನ್ ಕೆಲಸ ಮಾಡಿಸಿದ ಗಾಡಿಗೆ ಅದು ಬೇಕು. ತೈವಾನಿನ ಡಾಕ್ಟರ್ ಪುಲ್ಲಿಯ ರೋಲರ್ ಬದಲಿಗೆ ಹಾಕುವ ಸ್ಲೈಡಿಂಗ್ ತುಣುಕುಗಳೂ ಚೆನ್ನಾಗಿವೆ. ದುಂಡಗಿಲ್ಲದ ಕಾರಣ ತಟ್ಟೆಯನ್ನ ಇನ್ನೂ ಸ್ವಲ್ಪ ದೂರ ತಳ್ಳುತ್ತವೆ. ಆದರೆ ಅವನ್ನ ಕೂರಿಸಲು ಒಂದು ದಿಕ್ಕಿದೆ, ತಿರುಗುಮುರುಗಾದರೆ ಸಿಕ್ಕಿಕೊಳ್ಳುತ್ತವೆ. ನನಗೆ ಭಯ ಇವುಗಳದ್ದಲ್ಲ. ಹೆಸರೇ ಇಲ್ಲದ ಪ್ಯಾಕೆಟ್ಟಿನಲ್ಲಿ ಬರುವ ‘ರೇಸಿಂಗ್’ ರೋಲರ್‌ಗಳದ್ದು, ಅದಕ್ಕಿಂತ ಜಾಸ್ತಿ ಕಂಪನಿ ಪ್ಯಾಕೆಟ್ಟಿನಲ್ಲೇ ಬರುವ ಡೂಪ್ಲಿಕೇಟ್‌ನದ್ದು. ಮೇಲೆ ಬರೆದ ತೂಕ ಒಂದು, ತಕ್ಕಡಿಯಲ್ಲಿ ಬರುವುದು ಇನ್ನೊಂದು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೊಂಡರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದರೂ ಸರಿ, ಆರನ್ನೂ ತೂಗದೆ ಹಾಕಿಸಬೇಡಿ.

ಬದಲಾವಣೆ ಒಂದು ಸಲಕ್ಕೆ ಒಂದೇ. ರೋಲರ್, ಸ್ಪ್ರಿಂಗ್, ಬೆಲ್ಟ್ ಮೂರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗಲ್ಲ. ನಾನು ಮುಂದಿನ ಪುಲ್ಲಿಯ ಮುಖದ ಮೇಲೆ ಒಳಗಿನಿಂದ ಅಂಚಿನ ತನಕ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯುತ್ತೇನೆ. ಗಾಡಿಯನ್ನ ಒಂದು ಉದ್ದದ ರೋಡಲ್ಲಿ ಪೂರ್ತಿ ಎಳೆಸಿ ತಂದು ಮತ್ತೆ ಬಿಚ್ಚಿದರೆ, ಬೆಲ್ಟ್ ಎಲ್ಲಿತನಕ ಏರಿತೋ ಅಲ್ಲಿತನಕ ಗೆರೆ ಅಳಿಸಿರುತ್ತದೆ. ಅಂಚಿನ ಹತ್ತಿರ ಬೆರಳಗಲ ಗೆರೆ ಉಳಿದಿದ್ದರೆ ಬೆಲ್ಟ್ ಪೂರ್ತಿ ಏರುತ್ತಿಲ್ಲ, ಸ್ಪ್ರಿಂಗ್ ಗಟ್ಟಿಯಾಯಿತು ಅಥವಾ ರೋಲರ್ ತೀರಾ ಹಗುರವಾಯಿತು ಎಂದರ್ಥ.

ಕೊನೆಗೆ ಮೂರು ಚಿಲ್ಲರೆ ಮಾತು. ಈ ತರಹದ ಒಣ ವೇರಿಯೇಟರ್‌ನ ರೋಲರ್‌ಗೆ ಗ್ರೀಸ್ ಮೆತ್ತುವ ಮೆಕ್ಯಾನಿಕ್ ಸಿಕ್ಕರೆ ಕೈ ಹಿಡಿದು ನಿಲ್ಲಿಸಿ, ಅದು ಚಿಮ್ಮಿ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಹೊರಗಿನ ಪಾರ್ಟಿನ ಯೋಚನೆಯನ್ನ ಅದು ಮುಗಿಯುವ ತನಕ ಮುಂದೂಡಿ. ತೆಗೆದ ಕಂಪನಿ ರೋಲರ್‌ಗಳು ಇನ್ನೂ ದುಂಡಗಿದ್ದರೆ ತೂಕ ಬರೆದ ಚೀಟಿ ಸಮೇತ ಸೀಟಿನ ಕೆಳಗೆ ಇಟ್ಟುಕೊಳ್ಳಿ, ಗಾಡಿ ಮಾರುವಾಗ ಕೊಳ್ಳುವವರು ಮೈಲೇಜ್ ಕೇಳೇ ಕೇಳುತ್ತಾರೆ.