ಮಾರ್ಚ್‌ನಲ್ಲಿ ರಸ್ತೆ ಯಾಕೆ ಕುಸಿಯುತ್ತದೆ? ದಯವಿಟ್ಟು ಶೇ 9ರ ಕಥೆ ಬಿಡಿ

ಪ್ರಶ್ನೆ: ನಾವು ಅಮೆರಿಕದ ಮಿನ್ನೆಸೋಟದಲ್ಲಿದ್ದೇವೆ. ಚಳಿಗಾಲದಲ್ಲಿ ಇಲ್ಲಿ ಮಣ್ಣು ಕಲ್ಲಾಗುತ್ತದೆ. ರೋಲರ್ ಹೊಡೆದ ಮಣ್ಣು ಇನ್ನೂ ಗಟ್ಟಿಯಾಗಬೇಕಲ್ವಾ? ಮತ್ತೆ ಮಾರ್ಚ್ ಬಂದರೆ ರಸ್ತೆ ಯಾಕೆ ಕುಸಿಯುತ್ತದೆ? ನೀರು ಐಸ್ ಆಗುವಾಗ ಹಿಗ್ಗುತ್ತದಲ್ಲ, ಅದಕ್ಕೇ ತಾನೆ?

ಉತ್ತರ: ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಕೊನೆಯಲ್ಲಿ ಅದೇ 'ಹಿಗ್ಗುತ್ತದಲ್ಲ' ಕೂಡ ಬರುತ್ತದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಹೆಪ್ಪುಗಟ್ಟಿದ ಮಣ್ಣು ಗಟ್ಟಿ ಅನ್ನುವುದು ನಿಜ. ಅದಕ್ಕೇ ಮಿನ್ನೆಸೋಟದಲ್ಲಿ ಚಳಿಗಾಲದಲ್ಲಿ ಲಾರಿಗಳಿಗೆ ಶೇ 10ರಷ್ಟು ಜಾಸ್ತಿ ತೂಕ ಹೊರಲು ಬಿಡುತ್ತಾರೆ. ಕರಗುವ ಕಾಲ ಬಂತೋ, ಎಷ್ಟೋ ರಸ್ತೆಗಳಲ್ಲಿ ತೂಕದ ಮಿತಿ ಇಳಿಸಿ ಬೋರ್ಡ್ ಹಾಕುತ್ತಾರೆ. ಮಣ್ಣು ಸೋಲುವುದು ಚಳಿಯಲ್ಲಲ್ಲ, ಕರಗುವಾಗ.

ಇನ್ನು ಹಿಗ್ಗುವ ವಿಷಯ. ನೀರು ಐಸ್ ಆಗುವಾಗ ಸುಮಾರು ಶೇ 9 ಹಿಗ್ಗುತ್ತದೆ, ಸರಿ. ನೀವೇ ಲೆಕ್ಕ ಹಾಕಿ. ಒಂದು ಮೀಟರ್ ಆಳದವರೆಗೆ ಮಣ್ಣು ಹೆಪ್ಪುಗಟ್ಟಿತು ಅನ್ನಿ. ಅದರಲ್ಲಿ ಶೇ 40 ಭಾಗ ಸಂದು, ಸಂದಿನ ತುಂಬ ನೀರು. ಅಷ್ಟೂ ಹಿಗ್ಗಿದರೂ ನೆಲ ಏಳುವುದು 3.6 ಸೆಂಟಿಮೀಟರ್. ಆದರೆ 15 ಸೆಂಟಿಮೀಟರ್ ಮೇಲೆದ್ದ ರಸ್ತೆಗಳಿವೆ. ಉಳಿದದ್ದು ಎಲ್ಲಿಂದ ಬಂತು?

ಇದನ್ನು ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿ 1930ರ ಹೊತ್ತಿಗೇ ತೋರಿಸಿಕೊಟ್ಟರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದರೆ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ನನಗೆ ಇದಕ್ಕಿಂತ ಚೆಂದದ ಪ್ರಯೋಗ ಗೊತ್ತಿಲ್ಲ. ಕುಗ್ಗುವ ದ್ರವದಲ್ಲೂ ಮಣ್ಣು ಉಬ್ಬುತ್ತದೆ ಅಂದಮೇಲೆ ಹಿಗ್ಗುವುದು ಮುಖ್ಯ ಕಾರಣ ಹೇಗಾಗುತ್ತದೆ?

ನಿಜವಾದ ಕಾರಣ ಹೀರುವಿಕೆ. ಹಣತೆಯ ಬತ್ತಿ ಎಣ್ಣೆ ಎಳೆಯುತ್ತದಲ್ಲ, ಹಾಗೆ. ಮೇಲೆ ಹೆಪ್ಪುಗಟ್ಟುವ ಜಾಗ ಕೆಳಗಿನ ಮಣ್ಣಿನಿಂದ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಆ ನೀರು ಪದರ ಪದರವಾಗಿ ಐಸ್ ಆಗುತ್ತದೆ. ಲ್ಯಾಬ್‌ನಲ್ಲಿ ಹೆಪ್ಪುಗಟ್ಟಿದ ಮಣ್ಣಿನ ಸಿಲಿಂಡರನ್ನು ಉದ್ದಕ್ಕೆ ಸೀಳಿದರೆ ಚಿರೋಟಿ ನೆನಪಾಗುತ್ತದೆ: ಕಂದು ಮಣ್ಣು, ಕೂದಲೆಳೆಯಷ್ಟು ತೆಳು ಐಸ್, ಮತ್ತೆ ಮಣ್ಣು, ಮತ್ತೆ ಐಸ್. ಮರಳಿನ ಸಂದು ದೊಡ್ಡದು, ಅದು ಹೀರುವುದಿಲ್ಲ. ಅಪ್ಪಟ ಜೇಡಿ ಹೀರುತ್ತದೆ, ಆದರೆ ನೀರು ಅದರೊಳಗೆ ತುಂಬ ನಿಧಾನ. ನಡುವಿನ ನುಣುಪು ಹೂಳುಮಣ್ಣೇ ಎಲ್ಲಕ್ಕಿಂತ ಅಪಾಯ. ಕ್ಯಾಸಾಗ್ರಾಂಡೆ ಎಂಬ ಮಣ್ಣಿನ ಎಂಜಿನಿಯರ್ 1931ರಲ್ಲಿ ಕೊಟ್ಟ ಅಳತೆ ನೆನಪಿಟ್ಟುಕೊಳ್ಳಿ: ಬೇರೆ ಬೇರೆ ಗಾತ್ರದ ಕಾಳು ಬೆರೆತ ಮಣ್ಣಿನಲ್ಲಿ 0.02 ಮಿಲಿಮೀಟರಿಗಿಂತ ಸಣ್ಣದು ಶೇ 3ಕ್ಕಿಂತ ಜಾಸ್ತಿ ಇದ್ದರೆ ಎಚ್ಚರ.

ಈಗ ಮಾರ್ಚ್. ಹೆಪ್ಪುಗಟ್ಟಿದ ಮಣ್ಣು ಮೇಲಿನಿಂದ ಕರಗುತ್ತದೆ, ಕೆಳಗೆ ಇನ್ನೂ ಐಸ್ ಇರುತ್ತದೆ. ಹೀರಿಕೊಂಡ ನೀರೆಲ್ಲ ಬೋಗುಣಿಯಲ್ಲಿ ನಿಂತಂತೆ ರಸ್ತೆಯಡಿ ನಿಲ್ಲುತ್ತದೆ. ಅದರ ಮೇಲೆ ಲಾರಿ ಹೋಗುತ್ತದೆ. ಇಲಿನಾಯ್‌ನ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ಲಾರಿ ಓಡಿಸಿ ರಸ್ತೆ ಪರೀಕ್ಷೆ ಮಾಡಿದಾಗಲೂ ಹೆಚ್ಚಿನ ಹಾನಿ ಕಂಡದ್ದು ವಸಂತದಲ್ಲೇ.

ರೋಲರ್ ಹೊಡೆದದ್ದು ವ್ಯರ್ಥವೇ? ಅಲ್ಲ, ಆದರೆ ಆ ಬಿಗಿ ಶಾಶ್ವತವೂ ಅಲ್ಲ. ಐಸ್ ಪದರದ ಪಕ್ಕದ ಜೇಡಿ ನೀರು ಕಳೆದುಕೊಂಡು ಉಂಡೆಯಾಗುತ್ತದೆ. ಕರಗಿದ ಮೇಲೆ ಉಂಡೆಗಳ ನಡುವೆ ಬಿರುಕು ಉಳಿಯುತ್ತದೆ. ನೀರು ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಸುಲಭವಾಗಿ ನುಗ್ಗುತ್ತದೆ. ಹೆಚ್ಚಿನ ಹಾನಿ ಹೆಪ್ಪುಗಟ್ಟಿ ಕರಗುವ ಮೊದಲ ಕೆಲವು ಸುತ್ತುಗಳಲ್ಲೇ ಮುಗಿದುಹೋಗುತ್ತದೆ. ಅದಕ್ಕೇ 'ಒಂದೇ ಚಳಿಗಾಲ ತಾನೆ' ಅನ್ನಬೇಡಿ.

ಗಟ್ಟಿಯಾಗಲೆಂದು ಸಿಮೆಂಟ್ ಬೆರೆಸಿದ ಮಣ್ಣು ಇದನ್ನು ತಾಳುತ್ತದೆಯೇ ಅಂತ ನೋಡಲು 12 ಸುತ್ತಿನ ಪರೀಕ್ಷೆ ಇದೆ. ಮೈನಸ್ 23 ಡಿಗ್ರಿಯಲ್ಲಿ ಒಂದು ದಿನ, ಹೊರತೆಗೆದು ಬೆಚ್ಚಗೆ ಒಂದು ದಿನ, ಆಮೇಲೆ ತಂತಿ ಬ್ರಷ್‌ನಿಂದ ಉಜ್ಜುವುದು. ಎಷ್ಟು ಉದುರಿತು ಅಂತ ತೂಗಿ ನೋಡುತ್ತಾರೆ. ಜೇಡಿಮಣ್ಣಿಗೆ ಶೇ 7ಕ್ಕಿಂತ ಜಾಸ್ತಿ ಉದುರಬಾರದು.

ಸುಣ್ಣ ಬೆರೆಸಿದ ಮಣ್ಣಿನ ವಿಷಯ ಯಾರೂ ಕೇಳಲಿಲ್ಲ, ಆದರೂ ಹೇಳಲೇಬೇಕು. ಸುಣ್ಣ ಮತ್ತು ಜೇಡಿ ಕೂಡಿ ಗಟ್ಟಿಯಾಗುವ ಕೆಲಸ ಸುಮಾರು 4 ಡಿಗ್ರಿಗಿಂತ ಕೆಳಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ನೆಲ ಹೆಪ್ಪುಗಟ್ಟುವುದಕ್ಕೆ ಒಂದು ತಿಂಗಳಾದರೂ ಮೊದಲೇ ಸುಣ್ಣದ ಕೆಲಸ ಮುಗಿಸಬೇಕು. ಆದರೆ ಕೂಡದೆ ಉಳಿದ ಸುಣ್ಣ ಇದ್ದರೆ, ಬಿಸಿಲು ಬಂದಾಗ ಕೆಲಸ ಮತ್ತೆ ಶುರುವಾಗುತ್ತದೆ. ಚಳಿಯಲ್ಲಿ ಬಿಟ್ಟ ಬಿರುಕುಗಳು ಬೇಸಿಗೆಯಲ್ಲಿ ಒಂದಿಷ್ಟು ಕೂಡಿಕೊಳ್ಳುತ್ತವೆ, ಕಳೆದುಹೋದ ಬಲ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರುತ್ತದೆ. ಏಪ್ರಿಲ್‌ನಲ್ಲಿ ಬಲ ಕಡಿಮೆ ಬಂತು ಅಂತ ಅಂಥ ರಸ್ತೆಯನ್ನು ಅಗೆದು ಹಾಕುವ ಮೊದಲು ಆಗಸ್ಟ್‌ವರೆಗೆ ಭಾರದ ಲಾರಿ ಬಿಡದೆ ಕಾದು, ಇನ್ನೊಮ್ಮೆ ಅಳೆಯಿರಿ.